ಆವರಣ ಕಟ್ಟುವವರ ಸಮ್ಮೇಳನ
ವಿಶ್ವವಿದ್ಯಾಲಯಗಳ ಆವರಣ ರೂಪಿಸುವ ವಾಸ್ತುಶಿಲ್ಪಿಗಳ ಸಮ್ಮೇಳನವನ್ನು ದಯವಿಟ್ಟು ಹೋಟೆಲಿನ ಎಸಿ ಹಾಲ್‌ನಲ್ಲಿ ನಡೆಸಬೇಡಿ. ಮೊದಲು ಅವರನ್ನು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂಗೆ ಕರೆದುಕೊಂಡು ಹೋಗಿ. 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಬಾಲಕೃಷ್ಣ ದೋಶಿಯವರು ಅಲ್ಲಿ ಒರಟು ಕಲ್ಲಿನ ಗೋಡೆಗಳ ನಡುವೆ ಎತ್ತರದ ಓಣಿಗಳನ್ನು ಬಿಟ್ಟು, ಮೇಲೆ ಬಳ್ಳಿ ಹಬ್ಬಲು ತೊಲೆಗಳ ಚಪ್ಪರ ಹಾಕಿದ್ದಾರೆ. ನೆತ್ತಿಯ ಬಿಸಿಲು ಕೂಡ ನೆಲಕ್ಕೆ ಪಟ್ಟೆಪಟ್ಟೆಯಾಗಿ ಇಳಿಯುತ್ತದೆ. ತರಗತಿ ಮುಗಿದ ಮೇಲೂ ನಿಂತು ಮಾತಾಡೋಣ ಎನಿಸುತ್ತದೆ. ಮರುದಿನ ಕೋಲಾರಕ್ಕೆ ಬರಲಿ. ನಮ್ಮ ಮಾಸ್ತಿ ಕಡೆಯ ಮಕ್ಕಳಿಗೂ ಹತ್ತಿರವಾದ, ಇಲ್ಲಿನ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಇನ್ನೂ ಎಳೆಯದು. ಕಲ್ಲು ಇಲ್ಲೇ ಇದೆ, ಇಟ್ಟಿಗೆ ಮಾಲೂರಿನಲ್ಲೇ ಸುಡುತ್ತಾರೆ. ಇಲ್ಲದ್ದು ವರ್ಷಪೂರ್ತಿ ಹರಿಯುವ ನದಿ. ಆದ್ದರಿಂದ ನಕ್ಷೆ ಬರೆಯುವ ಮೊದಲು ಮಳೆನೀರು ಯಾವ ಕೆರೆಗೆ ಹೋಗುತ್ತದೆಂದು ಅವರು ನಮ್ಮ ರೈತರನ್ನು ಕೇಳಲಿ.