ಕೀಲುನೋವೂ ಕೆಂಗಣ್ಣೂ



ಚನ್ನಪಟ್ಟಣದಲ್ಲಿ ಹಾಲೆಮರದ ತುಂಡು ಯಂತ್ರಕ್ಕೆ ಸಿಕ್ಕಿ ತಿರುಗುವಾಗ ಅರಗು ಬಿಸಿಯೇರಿ ಬೊಂಬೆಯ ಮೈಗೆ ಬಣ್ಣವಾಗಿ ಹರಡುವುದನ್ನು ನೋಡುವುದೇ ಒಂದು ಸೊಗಸು. ಈ ಕಾಯಕಕ್ಕೆ ಬೆರಳು ಎಷ್ಟು ಮುಖ್ಯವೋ ಕಣ್ಣೂ ಅಷ್ಟೇ ಮುಖ್ಯ. ಇವೆರಡನ್ನೂ ಒಂದೇ ವ್ಯಾಧಿ ಹಿಡಿದರೆ ಏನಾದೀತೆಂಬುದನ್ನು ನನಗೆ ಪರಿಚಿತವಾದ ಒಂದು ಮನೆಯಲ್ಲಿ ಕಂಡೆನು.

ಆ ಮನೆಯ ತಾಯಿಗೆ ಹಲವು ವರ್ಷಗಳಿಂದ ಬೆಳಗಿನ ಹೊತ್ತು ಬೆರಳ ಗೆಣ್ಣುಗಳು ಊದಿ ಬಿಗಿಯುತ್ತಿದ್ದವು. ಬಾಯಿಯೂ ಕಣ್ಣೂ ಒಣಗುತ್ತಿದ್ದವು. ಒಮ್ಮೆ ಎಡಗಣ್ಣು ಕೆಂಪೇರಿತು. "ಮರದ ಪುಡಿ ಬಿದ್ದಿರಬೇಕು ಶಾಸ್ತ್ರಿಗಳೇ, ತಾನೇ ಹೋಗುತ್ತದೆ" ಎಂದರು. ಇರಬಹುದು ತಾಯಿ ಎಂದು ನಾನೂ ತಲೆದೂಗಿದೆ. ಅಂಗಡಿಯಿಂದ ತಂದ ಹನಿಗೆ ಕೆಂಪು ತಗ್ಗಿತು, ಮತ್ತೆ ಮರಳಿತು. ರಾತ್ರಿ ನಿದ್ದೆಗೆಡಿಸುವ ನೋವು ಹಣೆಗೂ ಏರಿದಾಗ ಬೆಂಗಳೂರಿಗೆ ಕರೆದೊಯ್ದರು. ನೇತ್ರವೈದ್ಯರು ಮೊದಲು ಕೇಳಿದ್ದು ಕಣ್ಣಿನ ಮಾತನ್ನಲ್ಲ, ಕೈಬೆರಳ ಮಾತನ್ನು. ಸಂಧಿವಾತ, ಶೋಗ್ರನ್ ರೋಗ ಎರಡೂ ಜೊತೆಗೂಡಿದ್ದವು. ಕಣ್ಣು ಉಳಿಯಿತು, ಆದರೆ ಅದರ ದೃಷ್ಟಿ ಪೂರ್ತಿ ಮರಳಲಿಲ್ಲ. ಅಂದು ತಲೆದೂಗಿದ್ದಕ್ಕೆ ನನಗಿಂದಿಗೂ ಪಶ್ಚಾತ್ತಾಪವಿದೆ. ಈ ಲೇಖನಕ್ಕೆ ಅದೇ ಕಾರಣ.

ದೇಹವನ್ನು ಕಾಯಬೇಕಾದ ನಿರೋಧಕ ಶಕ್ತಿಯೇ ದಾರಿತಪ್ಪಿ ದೇಹದ ಅಂಗಗಳ ಮೇಲೆರಗುವ ವ್ಯಾಧಿಗಳನ್ನು ಆಟೋಇಮ್ಯೂನ್ ರೋಗಗಳೆನ್ನುತ್ತಾರೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ! ರುಮಟಾಯ್ಡ್ ಸಂಧಿವಾತ ಮುಖ್ಯವಾಗಿ ಕೀಲುಗಳನ್ನು, ಲೂಪಸ್ ಚರ್ಮ, ಮೂತ್ರಪಿಂಡ ಮೊದಲಾದವನ್ನು, ಶೋಗ್ರನ್ ರೋಗ ಕಣ್ಣೀರು ಮತ್ತು ಜೊಲ್ಲಿನ ಗ್ರಂಥಿಗಳನ್ನು ಬಾಧಿಸುತ್ತದೆ. ಒಬ್ಬರಲ್ಲೇ ಎರಡು ಮೂರು ಕೂಡಿರುವುದೂ ಉಂಟು. ಸ್ವೀಡನ್ನಿನ ನೇತ್ರವೈದ್ಯ ಹೆನ್ರಿಕ್ ಶೋಗ್ರನ್ 1933ರಲ್ಲಿ ಕಣ್ಣು ಒಣಗಿದ 19 ಸ್ತ್ರೀಯರನ್ನು ಕುರಿತು ಬರೆದಾಗ, ಅವರಲ್ಲಿ 13 ಮಂದಿಗೆ ಸಂಧಿವಾತವೂ ಇತ್ತು.

ಇಂಥವರ ಕಣ್ಣಿನ ಉರಿಯೂತ ಹಲವು ಬಗೆಯದು. ಕಣ್ಣೀರು ಬತ್ತಿದರೆ ಮರಳು ಬಿದ್ದಂತೆ ಕಿರಿಕಿರಿ. ಬಿಳಿಗುಡ್ಡೆಯ ಗೋಡೆಯೇ ಊದಿಕೊಂಡರೆ ಸ್ಕ್ಲೀರೈಟಿಸ್. ಕೊರೆಯುವ ನೋವು ಅದರ ಗುರುತು. ನಡುಪದರ ಊದಿಕೊಂಡರೆ ಯುವಿಯೈಟಿಸ್. ಬೆಳಕು ಸಹಿಸದು, ನೋಟ ಮಂಜಾಗುತ್ತದೆ. 'ಮದ್ರಾಸ್ ಐ'ಯಲ್ಲಿ ಸಾಮಾನ್ಯವಾಗಿ ಗೀಜು ಕಟ್ಟುತ್ತದೆ, ಕಣ್ಣು ಚುಚ್ಚುತ್ತದೆ. ಕೆಲವು ದಿನಗಳಲ್ಲಿ ವಾಸಿಯಾಗುತ್ತದೆ. ಆಳವಾದ ನೋವಾಗಲಿ ಮಂಜಾಗಲಿ ಇದ್ದರೆ ಒಂದು ದಿನವೂ ಕಾಯಬಾರದು. ಸಂಧಿವಾತವುಳ್ಳ ಮಕ್ಕಳಲ್ಲಂತೂ ಕಣ್ಣು ಕೆಂಪಾಗದೆ, ನೋವಿಲ್ಲದೆಯೇ ದೃಷ್ಟಿ ಸವೆಯಬಹುದು. ಆದ್ದರಿಂದ ದೂರಿಲ್ಲದಿದ್ದರೂ ವೈದ್ಯರು ಹೇಳಿದ ಅವಧಿಗೆ ತಪ್ಪದೆ ಕಣ್ಣು ತೋರಿಸಬೇಕು.

ಔಷಧಗಳಲ್ಲೂ ಎಚ್ಚರ ಬೇಕು. ಸ್ಟೀರಾಯ್ಡ್ ಹನಿ ಉರಿಯೂತವನ್ನು ತಗ್ಗಿಸುತ್ತದೆ ನಿಜ. ಆದರೆ ಸೋಂಕಿರುವ ಕಣ್ಣಿಗೆ ಬಿಟ್ಟರೆ ಅಪಾಯ, ಬಹುಕಾಲ ಬಿಟ್ಟರೆ ಕಣ್ಣಿನ ಒತ್ತಡವೇರಿ ಪೊರೆಯೂ ಬಂದೀತು. ನಮ್ಮ ನಾಡಿನಲ್ಲಿ ಕ್ಷಯವೂ ಕಣ್ಣೊಳಗೆ ಇಂಥದೇ ಊತ ತರುವುದರಿಂದ ಅದನ್ನು ಮೊದಲು ಪರೀಕ್ಷಿಸುತ್ತಾರೆ. ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೊಂದು ದಿನ ಮಾತ್ರ ನುಂಗುವಂಥದು; ದಿನವೂ ನುಂಗಿದರೆ ಪ್ರಾಣಾಪಾಯ. ಹೈಡ್ರಾಕ್ಸಿಕ್ಲೋರೋಕ್ವಿನ್ ಸೇವಿಸುವವರು ಆರಂಭದಲ್ಲೊಮ್ಮೆ, 5 ವರ್ಷ ಕಳೆದ ಮೇಲೆ ಪ್ರತಿವರ್ಷ ಅಕ್ಷಿಪಟಲ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮೂತ್ರಪಿಂಡದ ತೊಂದರೆಯಿದ್ದವರು ಇನ್ನೂ ಮೊದಲೇ. ಯಾವುದನ್ನೂ ತಾವಾಗಿಯೇ ನಿಲ್ಲಿಸುವಂತಿಲ್ಲ.

ನಾವು ಕೀಲುನೋವನ್ನು ಒಬ್ಬ ವೈದ್ಯರಿಗೆ, ಕಣ್ಣನ್ನು ಇನ್ನೊಬ್ಬರಿಗೆ ಹೇಳಿ ಸುಮ್ಮನಾಗುತ್ತೇವೆ. ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟುವುದಿಲ್ಲ. ಮನೆಯಲ್ಲಿ ಒಂದು ಪುಸ್ತಕವಿಟ್ಟು ಊದಿದ ಕೀಲು, ಬಾಯ ಹುಣ್ಣು, ಚರ್ಮದ ಕಲೆ, ಕಣ್ಣಿನ ಕೆಂಪು, ನುಂಗುವ ಮಾತ್ರೆ ಎಲ್ಲವನ್ನೂ ಬರೆದು ಇಬ್ಬರಿಗೂ ತೋರಿಸಿರಿ. ಚನ್ನಪಟ್ಟಣದಿಂದ ರೈಲು ಹತ್ತಿದರೆ ಬೆಂಗಳೂರು ದೂರವಲ್ಲ. 1896ರಲ್ಲಿ ಆರಂಭವಾದ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆ ಅಲ್ಲಿದೆ.

ಆ ತಾಯಿ ಈಗ ಮತ್ತೆ ಬೊಂಬೆಗಳಿಗೆ ಬಣ್ಣ ಹಾಕುತ್ತಿದ್ದಾರೆ, ಮುಖವನ್ನು ತುಸು ಬಲಕ್ಕೆ ತಿರುಗಿಸಿ. ಇನ್ನೊಂದು ಮನೆಯಲ್ಲಿ ಹಾಗಾಗದಿರಲಿ.