ಉತ್ತರಾಯಣ ಯಾವತ್ತು ಶುರು?

ಕಳೆದ ಸಂಕ್ರಾಂತಿಗೆ ನಮ್ಮ ಸಂಘದ ಪೋಸ್ಟರ್ ಮೇಲೆ "ಇಂದಿನಿಂದ ಸೂರ್ಯ ಉತ್ತರಕ್ಕೆ" ಅಂತ ದೊಡ್ಡದಾಗಿ ಬರೆದಿದ್ವಿ. ಅರ್ಥ ಕೇಳಿ ತಿಳಿದುಕೊಂಡ ಜರ್ಮನ್ ಸಹಪಾಠಿಯೊಬ್ಬ ಎಳ್ಳುಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾ, "ಅದು ಮೂರು ವಾರದ ಹಿಂದೆಯೇ ಆಯ್ತಲ್ವಾ?" ಅಂದ. ಅಲ್ಲಿದ್ದ ಅಷ್ಟೂ ಇಂಜಿನಿಯರುಗಳು ಚುಪ್.

ಅವನ ಮಾತು ಸರಿ. ಭೂಮಿಯ ಅಕ್ಷ 23.4 ಡಿಗ್ರಿ ವಾಲಿರುವುದರಿಂದ, ಡಿಸೆಂಬರ್ 21ರ ಹೊತ್ತಿಗೆ ಸೂರ್ಯ ದಕ್ಷಿಣದ ಕೊನೆ ಮುಟ್ಟಿ ಹಿಂದಿರುಗುತ್ತಾನೆ. ನಮ್ಮ ಹಬ್ಬದ ಲೆಕ್ಕ ಬೇರೆ: ನಕ್ಷತ್ರಗಳ ಹಿನ್ನೆಲೆಯಲ್ಲಿ ಅವನು ಮಕರ ರಾಶಿಗೆ ಕಾಲಿಡುವ ದಿನ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಟ್ಟಿಗೇ ಬರುತ್ತಿದ್ದವು. ಆದರೆ ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನವಾಗಿ ಓಲಾಡುತ್ತೆ, ಸುಮಾರು 72 ವರ್ಷಕ್ಕೆ ಒಂದು ಡಿಗ್ರಿ. ಹಾಗೇ ಜಾರುತ್ತಾ ಹಬ್ಬ ಈಗ 24 ದಿನ ಮುಂದಕ್ಕೆ ಬಂದಿದೆ.

ಭಾಷೆ ಮಾತ್ರ ಹಳೆಯದನ್ನು ಮರೆತಿಲ್ಲ. ಶಾಲೆಯ ಭೂಗೋಳದಲ್ಲಿ 'ಮಕರ ಸಂಕ್ರಾಂತಿ ವೃತ್ತ' ಅಂತ ಗೆರೆ ಎಳೆದಿದ್ವಲ್ಲ, ಆ ಗೆರೆಯ ನೆತ್ತಿಗೆ ಸೂರ್ಯ ಬರುವುದು ಡಿಸೆಂಬರ್‌ನಲ್ಲಿ, ಎಳ್ಳು ಬೀರುವ ದಿನ ಅಲ್ಲ! ಲ್ಯಾಟಿನ್ ಪದದಲ್ಲಿ ಆ ದಿನ ಸೂರ್ಯ ನಿಲ್ಲುತ್ತಾನೆ, ಜರ್ಮನ್ನರ 'ಝೊನೆನ್‌ವೆಂಡೆ'ಯಲ್ಲಿ ತಿರುಗುತ್ತಾನೆ. ನಮ್ಮ 'ಅಯನ' ಅಂದರೆ ನಡಿಗೆ. ನಮಗೆ ನಡಿಗೆಯೇ ಇಷ್ಟ, ಯಾಕಂದ್ರೆ ಬೆಳಕು ಓಡಿ ಬರಲ್ಲ. ಸ್ಟುಟ್‌ಗಾರ್ಟ್‌ನಲ್ಲಿ ಮೊದಲ ವಾರ ಹಗಲು ಬೆಳೆಯುವುದು ಎರಡು ಮೂರು ನಿಮಿಷ ಅಷ್ಟೇ.

ಹಬ್ಬವನ್ನು ಡಿಸೆಂಬರ್‌ಗೆ ಎಳೆಯಿರಿ ಅಂತ ನಾವು ಹೇಳ್ತಿಲ್ಲ. ಊರಲ್ಲಿ ಅಮ್ಮ ಎಳ್ಳು ಬೀರುವ ದಿನವೇ ನಮಗೂ ಸಂಕ್ರಾಂತಿ. ಆದರೆ ಡಿಸೆಂಬರ್ 21ರಂದು ಬೆಂಗಳೂರಿನ ಹಗಲು ಹನ್ನೊಂದು ಗಂಟೆ ದಾಟುತ್ತೆ, ಇಲ್ಲಿ ಎಂಟೂಕಾಲು ಗಂಟೆಗೆ ಮುಗಿಯುತ್ತೆ. ಅಲ್ಲಿ ಉತ್ತರಾಯಣ ಪಂಚಾಂಗದ ಪದ, ಇಲ್ಲಿ ಮೈಗೇ ಗೊತ್ತಾಗುವ ಸಂಗತಿ. ಅದೇ ವಾರ ಕ್ರಿಸ್‌ಮಸ್ ರಜೆಗೆ ಹಾಸ್ಟೆಲ್ ಖಾಲಿ. ಟಿಕೆಟ್‌ಗೆ ದುಡ್ಡಿಲ್ಲದವರು ಮಾತ್ರ ಉಳೀತೀವಿ. "ಮೂರು ದಿನ ಯಾರ ಹತ್ರಾನೂ ಮಾತಾಡಿರಲಿಲ್ಲ" ಅಂತ ನಮ್ಮಲ್ಲೊಬ್ಬರು ಸಂಕ್ರಾಂತಿ ಊಟದಲ್ಲಿ ನಗುತ್ತಾ ಹೇಳಿದ್ರು. ನಾವೂ ನಕ್ಕೆವು. ನಗಬಾರದಿತ್ತು.

ರಾಜ್ಯೋತ್ಸವ ಮುಗಿದ ಮೇಲೆ ಸಂಕ್ರಾಂತಿವರೆಗೆ ನಮ್ಮ ಸಂಘದ ಕ್ಯಾಲೆಂಡರ್ ಖಾಲಿ. ಈ ಸಲ ಡಿಸೆಂಬರ್ 21ರ ಸಂಜೆ ಐದಕ್ಕೆ, ಅಂದರೆ ಕತ್ತಲಾದ ಮೇಲೆ, ಹಾಸ್ಟೆಲ್ ಅಡುಗೆಮನೆಯಲ್ಲಿ ಸೇರೋಣ. ಬಿಸಿಬೇಳೆಬಾತ್ ಸಾಕು. ತಟ್ಟೆ ನೀವೇ ತನ್ನಿ. ಪೋಸ್ಟರ್ ಹೊಸದು ಬೇಡ, ಹಳೆಯದರಲ್ಲಿ ತಾರೀಕು ತಿದ್ದಿದರೆ ಆಯ್ತು.