ಕಟ್ಟು ಕೈಯನ್ನೇ ಕೆಡಿಸಬಾರದು

ಶಾಲಾ ಕ್ರೀಡಾಕೂಟಗಳು ಆರಂಭವಾದೊಡನೆ ನನ್ನ ಚಿಕಿತ್ಸಾಲಯಕ್ಕೆ ಕುಂಟುತ್ತ ಬರುವ ಮಕ್ಕಳು ಹೆಚ್ಚುತ್ತಾರೆ. ಕಬಡ್ಡಿ, ಖೋ ಖೋ ಎಂದ ಮೇಲೆ ಬೀಳುವುದು, ಉಳುಕುವುದು ಇದ್ದದ್ದೇ. ನನ್ನ ಚಿಂತೆ ಬಿದ್ದುದರ ಬಗೆಗಲ್ಲ. ಬಿದ್ದ ಮೇಲೆ ಸುತ್ತ ನಿಂತವರು ಮಾಡುವ ಉಪಚಾರದ ಬಗೆಗೆ.

ಕೆಲವು ವರ್ಷಗಳ ಹಿಂದೆ ಹದಿಮೂರರ ಬಾಲಕನೊಬ್ಬನನ್ನು ಕರೆತಂದರು. ಕಬಡ್ಡಿಯಲ್ಲಿ ಮುಂಗೈ ಮೂಳೆ ಮುರಿದಿತ್ತು. ಊರಿನಲ್ಲಿ ಯಾರೋ ಬಿದಿರಿನ ದಬ್ಬೆಗಳನ್ನಿಟ್ಟು ಬಿಗಿಯಾಗಿ ಸುತ್ತಿದ್ದರು. ಹುಡುಗ ರಾತ್ರಿಯೆಲ್ಲ ಅತ್ತರೂ "ಕಟ್ಟು ಹಿಡಿಯುತ್ತಿದೆ, ತಡಕೊ ಮಗಾ" ಎಂದರಂತೆ. ನಾನು ನೋಡುವ ಹೊತ್ತಿಗೆ ಬೆರಳುಗಳು ನೀಲಿಗಟ್ಟಿ ತಣ್ಣಗಾಗಿದ್ದವು. ಕಟ್ಟು ಬಿಚ್ಚಿ ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ಮೂಳೆಯೇನೋ ಕೂಡಿಕೊಂಡಿತು, ಬೆರಳುಗಳು ಮಾತ್ರ ಇಂದಿಗೂ ನೆಟ್ಟಗಾಗುವುದಿಲ್ಲ.

ಇಂಥದ್ದನ್ನು ಆಯುರ್ವೇದದ ತಲೆಗೆ ಕಟ್ಟುವವರಿದ್ದಾರೆ. ಸುಶ್ರುತನು ಹದಿನಾಲ್ಕು ಬಗೆಯ ಬಂಧಗಳನ್ನು ವರ್ಣಿಸಿದ್ದಾನೆ. ದಬ್ಬೆಗೆ ಬಿದಿರಿನೊಡನೆ ಅತ್ತಿ, ಅರಳಿ, ಮುತ್ತುಗಗಳ ತೊಗಟೆಯನ್ನೂ ಹೇಳಿದ್ದಾನೆ. ಕಟ್ಟು ಸಡಿಲವಾದರೆ ಸಂಧಿ ನಿಲ್ಲದು, ಬಿಗಿಯಾದರೆ ಬಾವು, ನೋವು, ಕೀವು ಬರುತ್ತವೆ, ಆದುದರಿಂದ ಸಮನಾಗಿರಲಿ ಎಂದು ಎಚ್ಚರಿಸಿದವನೂ ಅವನೇ. ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ, ಚಳಿಗಾಲದಲ್ಲಿ ಏಳು ದಿನಕ್ಕೊಮ್ಮೆ ಕಟ್ಟು ಬದಲಿಸಬೇಕೆಂಬುದು ಅವನ ವಿಧಿ. ಶಾಸ್ತ್ರವನ್ನು ಓದದೆ ಶಾಸ್ತ್ರದ ಹೆಸರು ಹೇಳುವುದು ನಮ್ಮವರ ಹಳೆಯ ಚಾಳಿ.

ಬಿದ್ದೊಡನೆ ಎಣ್ಣೆ ಹಚ್ಚಿ ನೀವುವುದು, ಎಳೆದು ಲಟಕ್ಕೆನ್ನಿಸುವುದು ಇನ್ನೊಂದು ತಪ್ಪು. ಹೊಸ ಪೆಟ್ಟಿಗೆ ಬೇಕಾದುದು ತಂಪು ಮತ್ತು ನಿಶ್ಚಲತೆ. ಸುಶ್ರುತನೂ ತಣ್ಣನೆಯ ಕಷಾಯದಿಂದಲೇ ತೋಯಿಸುತ್ತಾನೆ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷ ಇಡಿರಿ. ಉಳುಕಿದ ಕಾಲಿಗೆ ಕ್ರೇಪ್ ಬ್ಯಾಂಡೇಜನ್ನು ಪಾದದಿಂದ ಮೇಲಕ್ಕೆ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತಿಡಿರಿ. ನಾಲ್ಕು ಹೆಜ್ಜೆ ಊರಿ ನಡೆಯಲಾಗದಿದ್ದರೆ ಎಕ್ಸ್‌ರೇ ತೆಗೆಸಲೇಬೇಕು.

ಮುರಿದಂತೆ ತೋರಿದರೆ ನೇರ ಮಾಡುವ ಉಸಾಬರಿ ಬೇಡ. ಇದ್ದ ಸ್ಥಿತಿಯಲ್ಲಿಯೇ ದಪ್ಪ ರಟ್ಟು ಅಥವಾ ಮಡಿಸಿದ ದಿನಪತ್ರಿಕೆಯನ್ನು ಇಟ್ಟು, ನಡುವೆ ಹತ್ತಿ ತುಂಬಿ, ಮುರಿತದ ಮೇಲಿನ ಹಾಗೂ ಕೆಳಗಿನ ಎರಡೂ ಸಂಧಿಗಳು ಅಲುಗದಂತೆ ಕಟ್ಟಿರಿ. ತೋಳಿಗೆ ಟವೆಲಿನ ಜೋಳಿಗೆಯೇ ಸಾಕು. ಬಳಿಕ ಉಗುರನ್ನು ಒತ್ತಿ ಬಿಡಿರಿ. ಎರಡು ಸೆಕೆಂಡಿನಲ್ಲಿ ಕೆಂಪು ಮರಳದಿದ್ದರೆ, ಜೋಮು ಹಿಡಿದರೆ, ನೋವು ಏರುತ್ತಿದ್ದರೆ ತಕ್ಷಣ ಸಡಿಲಿಸಿರಿ. ಈ ಪರೀಕ್ಷೆಯನ್ನು ಆಸ್ಪತ್ರೆ ತಲಪುವವರೆಗೂ ಮತ್ತೆ ಮತ್ತೆ ಮಾಡಬೇಕು. ಆ ಬಾಲಕನ ಮನೆಯವರಿಗೆ ಇದೊಂದು ಗೊತ್ತಿದ್ದರೆ ಸಾಕಿತ್ತು.

ದೂರದರ್ಶನದಲ್ಲಿ ಕ್ರಿಕೆಟ್ ಆಟಗಾರರನ್ನು ಕಂಡು ಮಕ್ಕಳೀಗ ಟೇಪು ಸುತ್ತಿಕೊಳ್ಳುತ್ತಾರೆ. ಬೆರಳು ಉಳುಕಿದಾಗ ನಡುವೆ ಹತ್ತಿಯಿಟ್ಟು ಪಕ್ಕದ ಬೆರಳಿಗೆ ಸೇರಿಸಿ ಅಂಟಿಸುವುದು ಒಳ್ಳೆಯದೇ. ಆದರೆ ಹಿಗ್ಗದ ಟೇಪನ್ನು ಹೊಸ ಬಾವಿನ ಸುತ್ತ ಬಳೆಯಂತೆ ಸುತ್ತಿದರೆ ಆ ಬಿದಿರಿನ ಕಟ್ಟಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಕುತ್ತಿಗೆಗೆ ಪೆಟ್ಟಾದವನನ್ನಂತೂ ಎತ್ತಿ ಕೂರಿಸದೆ, ಅಲುಗಿಸದೆ 108ಕ್ಕೆ ಕರೆಮಾಡಿರಿ.

ಕ್ರೀಡಾಕೂಟಗಳಲ್ಲಿ ಹಾರ, ಶಾಲು, ಪಾರಿತೋಷಕಗಳಿಗೆ ಕೊರತೆ ಕಂಡಿಲ್ಲ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತೆರೆದರೆ ಒಣಗಿದ ಅಯೋಡಿನ್ ಶೀಶೆ! ನಾಲ್ಕು ಕ್ರೇಪ್ ಬ್ಯಾಂಡೇಜು, ಒಂದಿಷ್ಟು ಹತ್ತಿ, ರಟ್ಟು, ಕತ್ತರಿಗೆ ಎಷ್ಟು ಹಣ ಬೇಕು? ನಮ್ಮ ಶಾಲೆ, ಪ್ರಸಾದನಿಲಯಗಳ ದೈಹಿಕ ಶಿಕ್ಷಕರೂ ಹಿರಿಯ ವಿದ್ಯಾರ್ಥಿಗಳೂ ಒಂದು ಭಾನುವಾರ ಎರಡು ತಾಸು ಬಿಡುವು ಮಾಡಿಕೊಳ್ಳಲಿ. ಟವೆಲು, ಹಳೆಯ ರಟ್ಟು ತಂದರೆ ಸಾಕು. ಬಂದು ಕಲಿಸಲು ನಾನು ಸಿದ್ಧನಿದ್ದೇನೆ.